ಏಳಕ್ಕೆ ನಾಲ್ಕು ಬೆರಳು ಕಡಿಮೆ

"ಮೊದಲು ನಿನ್ನ ತಲೆ ತಣ್ಣಗೆ ಮಾಡ್ಕೊಳ್ಳೋ, ಆಮೇಲೆ ಕಂಪ್ಯೂಟರ್ ತಣ್ಣಗೆ ಮಾಡುವಿಯಂತೆ!"

ನನ್ನ ಭಾವ ಈ ಮಾತನ್ನು ತಮ್ಮ ಆಫೀಸಿನಲ್ಲಿ ಹೇಳಿದರು. ಎದುರಿಗೆ ಹನ್ನೊಂದು ಜನ ಸಿಬ್ಬಂದಿ, ಒಬ್ಬ ಚಹಾದವನು, ರಜಾ ಚೀಟಿ ಹಿಡಿದು ನಿಂತಿದ್ದ ಒಬ್ಬ ಗುಮಾಸ್ತ ಇದ್ದರು. ನಾನು ಏಣಿಯ ಮೇಲಿದ್ದೆ. ಏಣಿಯ ಮೇಲಿರುವವನಿಗೆ ಅವಮಾನವಾದರೆ ಒಂದು ತೊಂದರೆ ಇದೆ. ಎಷ್ಟು ತಲೆ ತಗ್ಗಿಸಿದರೂ ಎಲ್ಲರ ಮುಖವೇ ಕಾಣುತ್ತದೆ.

ಎಲ್ಲರೂ ನಕ್ಕರು. ಚಹಾದವನು ತಟ್ಟೆ ಕೆಳಗಿಟ್ಟು, ಎರಡೂ ಕೈ ಬಿಡುವು ಮಾಡಿಕೊಂಡು ನಕ್ಕ. ಗುಮಾಸ್ತನಿಗೆ ಮಾತು ಸರಿಯಾಗಿ ಕೇಳಿಸಿರಲಿಲ್ಲ. ಆದರೆ ರಜೆ ಬೇಕಾಗಿತ್ತು, ಹಾಗಾಗಿ ಎಲ್ಲರಿಗಿಂತ ಜೋರಾಗಿ ನಕ್ಕ.

ನಾನು ಫ್ರಿಜ್ಜು, ಏಸಿ ರಿಪೇರಿ ಮಾಡುವವನು. ದಿನವೂ ಗ್ಯಾಸ್ ತುಂಬುವ ಕೆಲಸ, ಅದರ ಮೇಲೆ ಸಿಟ್ಟು ಸ್ವಲ್ಪ ಬೇಗ ಬರುತ್ತದೆ, ಹಾಗಾಗಿ ಬೀದಿಯಲ್ಲಿ ನನ್ನನ್ನು ಎಲ್ಲರೂ ಕರೆಯುವುದು 'ಗ್ಯಾಸು' ಅಂತ. ಸಿಟ್ಟಿಗೂ ಒಂದು ಚರಿತ್ರೆ ಇದೆ. ಒಂಬತ್ತನೇ ಕ್ಲಾಸಿನಲ್ಲಿ ನಾನು ಬ್ಯಾಗನ್ನು ಮೇಷ್ಟ್ರ ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಭಾವ ಆ ಆಫೀಸಿನ ಕಂಪ್ಯೂಟರುಗಳಿಗೆಲ್ಲ ಯಜಮಾನರು. ಅವರ ದೊಡ್ಡ ಯಂತ್ರಗಳ ಕೋಣೆಯಲ್ಲಿ ಏಸಿ ಕೆಟ್ಟಿತ್ತು, ನನ್ನನ್ನು ಕರೆಸಿದ್ದರು. ನಾನು ಗ್ಯಾಸ್ ತುಂಬಿ ಸುಮ್ಮನೆ ಇಳಿದು ಬರಬಹುದಿತ್ತು. ಬಾಯಿ ಸುಮ್ಮನಿರಲಿಲ್ಲ.

"ಮೂವತ್ತೆರಡು ಡಿಗ್ರಿ ಆಗಿದ್ದಕ್ಕೆ ಇಷ್ಟು ಗಾಬರಿ ಯಾಕೆ ಭಾವ? ನಾನು ಅಂಗಡೀಲಿ ಮೈನಸ್ ಅರವತ್ತಕ್ಕೆ ಓಡಿಸ್ತಾ ಇದ್ದೀನಿ" ಅಂದುಬಿಟ್ಟೆ. ಅದಕ್ಕೇ ಆ ಮಾತು ಬಂದದ್ದು.

ಏಣಿ ಇಳಿದು, ಸ್ಪ್ಯಾನರನ್ನು ಗುಮಾಸ್ತನ ಎದೆಯ ಕಡೆ ಚಾಚಿ ನಾನು ಘೋಷಣೆ ಮಾಡಿದೆ. "ಭಾನುವಾರ ಹನ್ನೊಂದು ಗಂಟೆಗೆ ಎಲ್ಲರೂ ನನ್ನ ಅಂಗಡಿ ಹತ್ರ ಬನ್ನಿ. ನಿಮ್ಮ ಕಣ್ಣೆದುರಿಗೇ ಏಳು ದಾಟಿಸ್ತೀನಿ!"

"ಏಳು ಏನು?" ಎಂದ ಗುಮಾಸ್ತ.

ಸಿಟ್ಟಿನಲ್ಲಿದ್ದವನಿಗೆ ವಿವರಣೆ ಕೊಡುವ ತಾಳ್ಮೆ ಇರುವುದಿಲ್ಲ, ಆಗ ಕೊಡಲಿಲ್ಲ. ಈಗ ಕೊಡುತ್ತೇನೆ. ಕಂಪ್ಯೂಟರಿನ ಎದೆಯಲ್ಲಿ ಪ್ರೊಸೆಸರ್ ಅಂತ ಬಿಸ್ಕತ್ತಿನಷ್ಟು ದೊಡ್ಡ ಬಿಲ್ಲೆ ಇರುತ್ತದೆ. ತಯಾರಿಸಿದವರು ಇದರ ವೇಗ ನಾಲ್ಕು ಗಿಗಾಹರ್ಟ್ಜ್ ಅಂತ ಬರೆದು ಕಳಿಸುತ್ತಾರೆ. ಸಭ್ಯರು ಅದನ್ನು ನಾಲ್ಕಕ್ಕೇ ಓಡಿಸಿಕೊಂಡು ಮಕ್ಕಳು ಮರಿಯೊಂದಿಗೆ ಸುಖವಾಗಿರುತ್ತಾರೆ. ನಮ್ಮಂಥವರು ಅದಕ್ಕೆ ಕರೆಂಟು ಜಾಸ್ತಿ ಉಣಿಸಿ ಐದು, ಆರು ಅಂತ ಓಡಿಸುತ್ತೇವೆ. ಇದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಓಡಿದಷ್ಟೂ ಅದು ಕಾಯುತ್ತದೆ, ಕಾದರೆ ಸಾಯುತ್ತದೆ. ಫ್ಯಾನು ಸಾಲದು, ನೀರು ಸಾಲದು, ಐಸೂ ಸಾಲದು. ನಾನು ಹಳೇ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ಅದರ ತಣ್ಣನೆ ಕೊಳವೆಯನ್ನು ನೇರವಾಗಿ ಬಿಲ್ಲೆಯ ನೆತ್ತಿಗೆ ಜೋಡಿಸಿ ಆರೂಕಾಲು ಮುಟ್ಟಿದ್ದೆ. ಈ ಹುಚ್ಚಿನವರೆಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಪಟ್ಟಿ ಇಟ್ಟಿದ್ದಾರೆ. ಏಳು ದಾಟಿದ ಪರದೆಯ ಫೋಟೋ ಕಳಿಸಿದವರಿಗೆ ಮಾತ್ರ ಅದರಲ್ಲಿ ಜಾಗ. ನಾನು ದಿನವೂ ಊಟ ಆದಮೇಲೆ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಿದ್ದೆ. ಇಲ್ಲದ ಹೆಸರನ್ನು ಹುಡುಕುವುದೂ ಒಂದು ಅಭ್ಯಾಸ.

"ಅಷ್ಟು ಜೋರಾಗಿ ಓಡಿ ಅದು ಎಲ್ಲಿಗೆ ಹೋಗುತ್ತೋ?" ಅಂತ ಅಕ್ಕ ಒಮ್ಮೆ ಕೇಳಿದ್ದಳು.

"ಎಲ್ಲಿಗೂ ಹೋಗಲ್ಲ ಅಕ್ಕಾ, ಇದ್ದಲ್ಲೇ ಇರುತ್ತೆ."

"ಹಾಗಾದ್ರೆ ಥೇಟ್ ನಿನ್ನ ಹಾಗೇ" ಎಂದಿದ್ದಳು.

ಭಾವ ಮೊದಲು ಹೀಗಿರಲಿಲ್ಲ. ಅದೇ ನನ್ನ ಸಂಕಟ. ಮೊದಲಿಂದ ಹೀಗೇ ಇದ್ದಿದ್ದರೆ ಒಂದು ಸಲ ಚೆನ್ನಾಗಿ ಜಗಳವಾಡಿ ಮುಗಿಸುತ್ತಿದ್ದೆ. ಅಕ್ಕನ ಮದುವೆಯಾದ ಹೊಸತರಲ್ಲಿ ಅವರು ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಬರುತ್ತಿದ್ದರು. ಹೆಂಡತಿಯ ಜೊತೆ ಸಿನಿಮಾಕ್ಕೆ ಹೊರಟವರು ಹಿತ್ತಲ ಕೋಣೆಯಲ್ಲಿ ನನ್ನ ಜೊತೆ ನೆಲದ ಮೇಲೆ ಕೂತು ಹಳೇ ಕಂಪ್ಯೂಟರ್ ಬಿಚ್ಚುತ್ತಿದ್ದರು. ಪ್ರೊಸೆಸರ್ ಅಂದರೇನು, ಅದು ಯಾಕೆ ಕಾಯುತ್ತದೆ ಅಂತ ನನಗೆ ಹೇಳಿಕೊಟ್ಟವರೇ ಅವರು. ಮೇಷ್ಟ್ರುಗಳು ಒಂಬತ್ತು ವರ್ಷದಲ್ಲಿ ನನ್ನ ತಲೆಗೆ ತುಂಬಲಾಗದ್ದನ್ನು ಅವರು ಒಂದು ಮಧ್ಯಾಹ್ನದಲ್ಲಿ ತುಂಬಿದರು. ಒಂದು ಸಲ ಇಬ್ಬರೂ ಸೇರಿ ಪ್ಲಾಸ್ಟಿಕ್ ಚೀಲದಲ್ಲಿ ಐಸು ಕಟ್ಟಿ ಅದರ ಮೇಲಿಟ್ಟೆವು. ಚೀಲ ತೂತಾಗಿ, ಢಂ ಅಂತ ಶಬ್ದ ಬಂದು, ಇಡೀ ಮನೆಯ ಕರೆಂಟು ಹೋಯಿತು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಬಡ್ತಿ ಬಂತು. ಕೊರಳಿಗೆ ಗುರುತಿನ ಚೀಟಿ ಬಿದ್ದ ದಿನದಿಂದ ಆ ಕೊರಳು ನನ್ನ ಕಡೆ ತಿರುಗಲಿಲ್ಲ.

ಇರಲಿ. ಏಳು ದಾಟಬೇಕಾದರೆ ಫ್ರಿಜ್ಜಿನ ಕಂಪ್ರೆಸರ್‌ನಿಂದ ಆಗುವುದಿಲ್ಲ. ದ್ರವ ನೈಟ್ರೋಜನ್ ಬೇಕು. ನೋಡಲು ನೀರಿನ ಹಾಗೇ ಇರುತ್ತದೆ, ಆದರೆ ಮೈನಸ್ ನೂರ ತೊಂಬತ್ತಾರು ಡಿಗ್ರಿ. ಅದನ್ನು ಬಿಲ್ಲೆಯ ಮೇಲೆ ಕೂರಿಸಿದ ತಾಮ್ರದ ಲೋಟಕ್ಕೆ ಸುರಿಯುತ್ತಾ ಇರಬೇಕು. ಲೋಟವನ್ನು ಲೇತ್ ಕೆಲಸದವನಿಂದ ಕಡೆಸಿದೆ. ತಣ್ಣಗಾದ ಕಡೆಯೆಲ್ಲ ನೀರು ಕೂರುತ್ತದೆ, ನೀರು ಕೂತರೆ ಬೋರ್ಡು ಸುಡುತ್ತದೆ. ಅದಕ್ಕೆ ಔಷಧಿ ಅಂಗಡಿಯಿಂದ ಒಂಬತ್ತು ಡಬ್ಬಿ ಪೆಟ್ರೋಲಿಯಂ ಜೆಲ್ಲಿ ತಂದು ಬೋರ್ಡಿಗೆಲ್ಲ ಬಳಿದೆ. ನೈಟ್ರೋಜನ್ ಮಾತ್ರ ಯಾವ ಅಂಗಡಿಯಲ್ಲೂ ಇಲ್ಲ. ಇದ್ದದ್ದು ಒಂದೇ ಕಡೆ, ದನದ ಆಸ್ಪತ್ರೆಯಲ್ಲಿ. ಹಸುಗಳಿಗೆ ಕೊಡುವ ಹೋರಿಯ ವೀರ್ಯವನ್ನು ಸಣ್ಣ ಸಣ್ಣ ಕಡ್ಡಿಗಳಲ್ಲಿ ತುಂಬಿ ನೈಟ್ರೋಜನ್ ಕ್ಯಾನಿನಲ್ಲಿ ಮುಳುಗಿಸಿ ಇಟ್ಟಿರುತ್ತಾರೆ.

ಆ ಆಸ್ಪತ್ರೆಯ ಕಾಂಪೌಂಡರ್‌ಗೆ ನನ್ನ ಹಂಗಿತ್ತು. ಅವರ ಔಷಧಿ ಫ್ರಿಜ್ಜನ್ನು ಮೂರು ಸಲ ಬದುಕಿಸಿದ್ದೆ. ಶನಿವಾರ ಹೋಗಿ ಕೇಳಿದೆ.

"ಕಂಪ್ಯೂಟರ್‌ಗಾ?" ಅಂತ ಮೂರು ಸಲ ಕೇಳಿದರು. ಆಮೇಲೆ ನಿಟ್ಟುಸಿರು ಬಿಟ್ಟರು. "ಒಳಗೆ ಎರಡು ಕ್ಯಾನ್ ಇದೆ. ಮೈ ನೆಗ್ಗಿ ತಗ್ಗು ಬಿದ್ದಿರೋದನ್ನ ತಗೊಂಡು ಹೋಗು. ಸೋಮವಾರ ಬೆಳಿಗ್ಗೆ ತಂದಿಡು." ಅಷ್ಟು ಹೇಳಿ ಒಂದು ಎಮ್ಮೆಯ ಕಡೆ ಓಡಿದರು.

ಒಳಗೆ ಹೋದೆ. ಇಲ್ಲಿ ನನ್ನ ಕಸುಬು ನನ್ನನ್ನು ಕೆಡಿಸಿತು. ಗ್ಯಾಸಿನವನಿಗೆ ಒಂದು ಚಟ ಇದೆ. ಸಿಲಿಂಡರನ್ನು ಕೈಯಲ್ಲಿ ಎತ್ತಿ ತೂಗದೆ ಒಯ್ಯುವುದಿಲ್ಲ. ತಗ್ಗು ಬಿದ್ದಿದ್ದ ಕ್ಯಾನು ಎತ್ತಿದೆ, ಹಗುರ. ಇನ್ನೊಂದು ಎತ್ತಿದೆ, ಸೊಂಟ ಹಿಡಿಯುವಷ್ಟು ಭಾರ. 'ಓಹೋ, ಓದದವನು ಅಂತ ತಳದಲ್ಲಿ ಉಳಿದಿದ್ದನ್ನ ಕೊಡ್ತಿದ್ದೀರಾ?' ಅಂದುಕೊಂಡೆ. ಏಣಿಯ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ತುಂಬಿದ ಕ್ಯಾನನ್ನೇ ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಹೊರಟೆ. ಅದರ ಹೊಟ್ಟೆಯ ಮೇಲೆ ಅಂಗೈ ಅಗಲದ ಹೋರಿಯ ತಲೆಯ ಚಿತ್ರವಿತ್ತು. ಬಾಯಿಯ ಸುತ್ತ ಆರು ಕೊಕ್ಕೆಗಳು ನೇತಾಡುತ್ತಿದ್ದವು. ಹಿಡಿಕೆ ಇರಬೇಕು ಅಂದುಕೊಂಡೆ.

ಆ ಹೋರಿಯ ತಲೆಯನ್ನು ಬೀದಿಯ ಅರ್ಧ ಜನ ನೋಡಿದರು. ಉಳಿದರ್ಧಕ್ಕೆ ಇವರು ಹೇಳಿದರು. ಸಂಜೆಯೊಳಗೆ ಸುದ್ದಿ ಹೀಗೆ ನಿಂತಿತ್ತು: ಫ್ರಿಜ್ಜಿನ ವ್ಯಾಪಾರ ಬಿದ್ದುಹೋಗಿ, ಗ್ಯಾಸು ಹಸುಗಳಿಗೆ ಇಂಜೆಕ್ಷನ್ ಹಾಕುವ ಕಸುಬು ಹಿಡಿದಿದ್ದಾನೆ, ಭಾನುವಾರ ಹನ್ನೊಂದಕ್ಕೆ ಪ್ರಾರಂಭ.

ಅಕ್ಕ ಫೋನ್ ಮಾಡಿದಳು. "ನಿನಗೆ ಇನ್ನೂ ಮದುವೆ ಆಗಿಲ್ಲ, ಇದೆಲ್ಲ ಯಾಕೋ ತಮ್ಮಾ?"

"ಅಕ್ಕಾ, ಕಂಪ್ಯೂಟರ್ ಅಕ್ಕಾ ಅದು!"

"ಕಂಪ್ಯೂಟರ್‌ಗೆ ಹೋರಿ ಯಾಕೋ?"

ನಾನು ಬೇರೆ ಮಾತು ಕೇಳಿದೆ. "ನಾಳೆ ಭಾವ ಬರ್ತಾರಾ?"

ಅವಳು ಒಂದು ಪಾತ್ರೆ ತೊಳೆದು ಕವುಚಿಟ್ಟಳು. "ಕೆಲಸ ಇದೆ ಅಂತಿದ್ರು" ಎಂದಳು.

ಭಾನುವಾರ ಬಂತು. ಅಂಗಡಿಯ ಶಟರ್ ಪೂರ್ತಿ ಎತ್ತಿ, ಮೇಜನ್ನು ಬಾಗಿಲಿಗೆ ಎಳೆದು, ಪರದೆಯನ್ನು ಬೀದಿಯ ಕಡೆ ತಿರುಗಿಸಿ ಇಟ್ಟಿದ್ದೆ. ಹತ್ತೂವರೆಗೇ ಜನ ಸೇರಿದ್ದರು. ಭಾವನ ಆಫೀಸಿನ ಚಹಾದವನು ಸ್ವಂತ ಖುಷಿಯಿಂದ ಬಂದು ಮುಂದಿನ ಸಾಲು ಹಿಡಿದಿದ್ದ. ಗುಮಾಸ್ತ ರಜೆ ಸಿಕ್ಕ ಸಂತೋಷದಲ್ಲಿದ್ದ. ಅವರ ಹಿಂದೆ ಎರಡು ಹಸು, ಒಂದು ಎಮ್ಮೆ, ಯಾರೋ ವಿಚಾರಿಸಿಕೊಂಡು ಹೋಗೋಣ ಅಂತ ತಂದಿದ್ದ ಒಂದು ಮೇಕೆ. ನಾನು ತಲೆಗಳನ್ನು ಎಣಿಸುತ್ತಾ ಎಣಿಸುತ್ತಾ ಒಂದೇ ತಲೆಯನ್ನು ಹುಡುಕುತ್ತಿದ್ದೆ. ಅದು ಇರಲಿಲ್ಲ.

ಬಂದದ್ದು ಪುರಸಭೆಯ ಆರೋಗ್ಯ ಇನ್ಸ್‌ಪೆಕ್ಟರ್. ಕಂಕುಳಲ್ಲಿ ರಿಜಿಸ್ಟರು.

"ವಸತಿ ಪ್ರದೇಶದಲ್ಲಿ ಗರ್ಭಧಾರಣೆ ಕೇಂದ್ರ ತೆಗೆದಿದ್ದೀಯಂತೆ. ಪರವಾನಗಿ ಎಲ್ಲಿ?"

"ಸಾರ್, ಇದು ಪ್ರೊಸೆಸರ್‌ಗೆ."

"ಅದು ಯಾವ ತಳಿ?"

"ತಳಿ ಅಲ್ಲ ಸಾರ್, ಯಂತ್ರ. ಇದನ್ನ ಏಳಕ್ಕೆ ಏರಿಸಬೇಕು."

ಇನ್ಸ್‌ಪೆಕ್ಟರ್ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಒಂದೇ ದಿನಕ್ಕೆ ಏಳಾ?"

ಜನ ಹೋ ಅಂತ ನಕ್ಕರು. ನನಗೆ ಉರಿಯಿತು. ಇನ್ನು ಮಾತು ಬೇಡ ಅಂತ ನಿರ್ಧರಿಸಿ, ಕ್ಯಾನಿನ ಮುಚ್ಚಳ ತೆಗೆದು, ಬಗ್ಗಿಸಿ ಫ್ಲಾಸ್ಕಿಗೆ ತುಂಬಿಕೊಂಡು, ಫ್ಲಾಸ್ಕಿನಿಂದ ತಾಮ್ರದ ಲೋಟಕ್ಕೆ ಸುರಿದೆ.

ನೀವು ನೋಡಬೇಕಿತ್ತು. ಲೋಟ ಚುರ್ರೆಂದು ಕೂಗಿತು. ಬಿಳಿ ಹಬೆ ಲೋಟದ ಅಂಚು ದಾಟಿ, ಮೇಜಿನ ಮೇಲೆ ಹರಡಿ, ನೆಲಕ್ಕೆ ಇಳಿದು, ಮುಂದಿನ ಸಾಲಿನವರ ಪಾದ ಮುಚ್ಚಿತು. ಮೇಕೆ ಹಗ್ಗ ಕಿತ್ತುಕೊಂಡಿತು. ನಗು ನಿಂತಿತು. ಪರದೆಯ ಮೇಲೆ ಅಂಕಿ ಏರತೊಡಗಿತು. ಆರೂವರೆ. ಆರು ಪಾಯಿಂಟ್ ಏಳು. ಲೋಟದ ಹೊರಗೆ ಮಂಜು ದಪ್ಪಗೆ ಕಟ್ಟಿತು. ಫ್ಲಾಸ್ಕು ಖಾಲಿಯಾದ ಹಾಗೆಲ್ಲ ಕ್ಯಾನು ಬಗ್ಗಿಸಿ ಮತ್ತೆ ಮತ್ತೆ ತುಂಬಿಕೊಂಡೆ. ನಾನು ಒಂದು ಕೈಯಲ್ಲಿ ಸುರಿಯುತ್ತಾ, ಇನ್ನೊಂದು ಕೈಯಲ್ಲಿ ಕೀ ಒತ್ತುತ್ತಾ, ಹೆಗಲಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಾ ಇದ್ದೆ. ನಿಜವಾಗಿ ಇದು ಇಬ್ಬರ ಕೆಲಸ. ಒಬ್ಬ ಸುರಿಯಬೇಕು, ಒಬ್ಬ ಏರಿಸಬೇಕು.

ಆರು ಪಾಯಿಂಟ್ ಒಂಬತ್ತು.

ಆಗ ಕಂಡರು. ಜನರ ಹಿಂದೆ, ಎಮ್ಮೆಯ ಆಚೆ, ಅಕ್ಕನ ಪಕ್ಕ ಭಾವ ನಿಂತಿದ್ದರು. ಹೆಂಡತಿಯನ್ನು ಇಳಿಸಿ ಹೋಗಲು ಬಂದವರ ಹಾಗೆ ಕೈಯಲ್ಲಿ ಬೈಕಿನ ಕೀಲಿ ತಿರುಗಿಸುತ್ತಿದ್ದರು. ಕೊರಳಲ್ಲಿ ಚೀಟಿ ಇರಲಿಲ್ಲ. ಲೋಟ ಬಿಟ್ಟು ಅವರನ್ನೇ ನೋಡಿದ್ದಕ್ಕೆ ಎರಡು ಹನಿ ನನ್ನ ಚಪ್ಪಲಿಯ ಮೇಲೆ ಬಿದ್ದವು.

"ಮಗಾ, ನಮ್ಮ ಸರದಿ ಯಾವಾಗ?"

ಹಾಲಜ್ಜಿ. ಬೀದಿಗೆಲ್ಲ ಹಾಲು ಹಾಕುತ್ತಿದ್ದವಳು, ಈಗ ಆರು ತಿಂಗಳಿಂದ ಹಾಕುತ್ತಿಲ್ಲ. ಅವಳ ಒಂದೇ ಹಸು ಹಬೆಯಲ್ಲಿ ನಿಂತು ನನ್ನ ಕೀಬೋರ್ಡನ್ನು ಮೂಸುತ್ತಿತ್ತು.

"ಅಜ್ಜೀ, ಇಲ್ಲಿ ಹಸುವಿನ ಕೆಲಸ ಇಲ್ಲ. ಸ್ವಲ್ಪ ಆ ಕಡೆ ಹಿಡ್ಕೋ."

"ಬೆದೆಗೆ ಬಂದಿದೆ ಕಣಪ್ಪ. ಎರಡು ಸಲ ಗರ್ಭ ನಿಲ್ಲಲಿಲ್ಲ. ಈ ಸಲವೂ ನಿಲ್ಲದಿದ್ರೆ ಮಾರದೇ ವಿಧಿ ಇಲ್ಲ. ಕಾಂಪೌಂಡರಿಗೆ ಹೇಳಿ ಕಳಿಸಿ ಆಸ್ಪತ್ರೆಗೆ ಹೋದೆ, ಬೀಗ ಹಾಕಿತ್ತು. ಹೋರಿ ನಿನ್ನ ಹತ್ರ ಬಂದಿದೆ ಅಂದ್ರು."

ನನ್ನ ಫೋನು ಹೊಡೆದುಕೊಂಡಿತು. ಎರಡೂ ಕೈ ಖಾಲಿ ಇಲ್ಲದ್ದರಿಂದ ಗುಮಾಸ್ತ ಎತ್ತಿ, ಸ್ಪೀಕರ್ ಒತ್ತಿ, ಇಡೀ ಬೀದಿಗೆ ಕೇಳಿಸಿದ.

"ಲೋ ಗ್ಯಾಸು! ಅಜ್ಜಿಯ ಹಸುಗೆ ಅಂತ ರಜಾದಿನ ಬಂದು ಬಾಗಿಲು ತೆಗೆದ್ರೆ ಇಲ್ಲಿ ತಗ್ಗು ಬಿದ್ದಿದ್ದೇ ಇದೆ! ನೀನು ಯಾವುದನ್ನ ಒಯ್ದೆ?" ಕಾಂಪೌಂಡರ್ ದನಿ ಒಡೆದಿತ್ತು.

"ತುಂಬಿದ್ದು."

"ಅಯ್ಯೋ ಪಾಪಿ, ಅದರಲ್ಲಿ ಹೋರಿ ಇದೆ ಕಣೋ! ಆ ಕೊಕ್ಕೆಗಳಲ್ಲಿ ನೂರಿಪ್ಪತ್ತು ಕಡ್ಡಿ ಇದೆ! ಆ ಹೋರಿ ಸತ್ತು ಎರಡು ವರ್ಷ ಆಯ್ತು, ಈ ಭೂಮಿ ಮೇಲೆ ಅದು ಉಳಿದಿರೋದು ಆ ಕ್ಯಾನಲ್ಲಿ ಮಾತ್ರ!"

ಚಹಾದವನು ತಲೆಯ ಮೇಲಿನ ಟೋಪಿ ತೆಗೆದ. ಇನ್ಸ್‌ಪೆಕ್ಟರ್ ರಿಜಿಸ್ಟರು ಮುಚ್ಚಿದರು.

"ಅಲ್ಲಿ ಕೋಲು ಇದ್ರೆ ಅದ್ದಿ ನೋಡು. ಮಂಜು ಎಷ್ಟುದ್ದ ಹಿಡಿಯುತ್ತೆ ಹೇಳು, ಒಳಗೆ ಅಷ್ಟೇ ಉಳಿದಿದೆ ಅಂತ. ನಾಲ್ಕು ಬೆರಳಿಗಿಂತ ಕಡಿಮೆ ಆದ್ರೆ ಕಡ್ಡಿ ಮುಳುಗಲ್ಲ, ಹೋರಿ ಕಥೆ ಮುಗೀತು."

ಮರದ ಅಳತೆಪಟ್ಟಿಯನ್ನು ಕ್ಯಾನಿಗೆ ಅದ್ದಿ ತೆಗೆದೆ. ತುದಿಯಲ್ಲಿ ಬೆಳ್ಳಗೆ ಮಂಜು. ಬೆರಳಿಟ್ಟು ನೋಡಿದೆ. ಒಂದು, ಎರಡು, ಮೂರು, ನಾಲ್ಕು. ಸರಿಯಾಗಿ ನಾಲ್ಕು.

ಪರದೆಯ ಮೇಲೆ ಆರು ಪಾಯಿಂಟ್ ಒಂಬತ್ತು ಎಂಟು. ಫ್ಲಾಸ್ಕು ಖಾಲಿ. ಇನ್ನೊಂದು ಲೋಟ ಸುರಿದರೆ ಏಳು. ಒಂದು ಲೋಟ ಅಂದರೆ ಕ್ಯಾನಿನಲ್ಲಿ ಅರ್ಧ ಬೆರಳು.

"ಅವನ ಬೆರಳು ದಪ್ಪ! ಕಾಂಪೌಂಡರ್ ಬೆರಳಲ್ಲಿ ಅದು ಐದಾಗುತ್ತೆ, ಹಾಕ್ಲಿ ಬಿಡ್ರೀ" ಎಂದ ಚಹಾದವನು. ಅವನಿಗೆ ಈಗ ಏಳು ನೋಡದೆ ಮನೆಗೆ ಹೋಗುವ ಮನಸ್ಸಿರಲಿಲ್ಲ.

"ಬೆರಳು ಅಂದ್ರೆ ಸರ್ಕಾರಿ ಬೆರಳು. ಅಳತೆ ಮಾಡುವ ಅಧಿಕಾರಿಯ ಬೆರಳು" ಎಂದು ಇನ್ಸ್‌ಪೆಕ್ಟರ್ ಮುಂದೆ ಬಂದು ತಮ್ಮ ಬೆರಳಿಟ್ಟರು. ನಾಲ್ಕೂವರೆ ಬಂತು. "ಅರ್ಧ ಬೆರಳು ಹೆಚ್ಚುವರಿ ಇದೆ. ನಾನು ಬರೆದು ಕೊಡ್ತೀನಿ."

ಗುಮಾಸ್ತ ತನ್ನ ಬೆರಳಿಟ್ಟ. ಯಾರೋ ಹೆಬ್ಬೆರಳು ಸೇರುತ್ತಾ ಇಲ್ಲವಾ ಅಂತ ಕೇಳಿದರು. ಒಂದು ಅಳತೆಪಟ್ಟಿಯ ಮೇಲೆ ಹದಿನೈದು ಕೈ ಬಿದ್ದವು. ಮಂಜು ಅಷ್ಟರಲ್ಲಿ ಕರಗಿಯೂ ಹೋಯಿತು. ಲೋಟದಲ್ಲಿ ನೈಟ್ರೋಜನ್ ಕುದಿದು ಕುದಿದು ತಳ ಕಾಣುತ್ತಿತ್ತು. ಆರು ಪಾಯಿಂಟ್ ಒಂಬತ್ತು ಎಂಟರ ಮೇಲೆ ಅಂಕಿ ಮಿಟುಕುತ್ತಾ ನಿಂತಿತ್ತು, ಬಾಗಿಲಲ್ಲಿ ನಿಂತವರು ಒಳಗೆ ಬರಲಾ ಬೇಡವಾ ಅಂತ ಯೋಚಿಸುವ ಹಾಗೆ. ನಾಲ್ಕು ವರ್ಷ ಅದಕ್ಕಾಗಿ ಕಾದಿದ್ದೆ.

ಹಾಲಜ್ಜಿ ಕೊನೆಗೆ ತನ್ನ ಕೈಯನ್ನು ಪಟ್ಟಿಯ ಪಕ್ಕ ಹಿಡಿದಳು. ಹಾಲು ಕರೆದು ಕರೆದು ಒಣಗಿದ ಕಡ್ಡಿಯಂಥ ಬೆರಳುಗಳು.

"ನನ್ನ ಬೆರಳಲ್ಲಿ ಆರಾಗುತ್ತೆ ಮಗಾ" ಎಂದಳು. "ನಿನ್ನ ಕೆಲಸ ಮುಗಿಸ್ಕೋ. ಅಷ್ಟು ಆಸೆಪಟ್ಟಿದ್ದೀಯ. ನಾನೂ ಹಸುನೂ ಕಾಯ್ತೀವಿ."

ಬೈದಿದ್ದರೆ ಸುರಿದುಬಿಡುತ್ತಿದ್ದೆನೋ ಏನೋ. ನನ್ನ ಸಿಟ್ಟಿಗೆ ಹಿಡಿದುಕೊಳ್ಳಲು ಆ ಮಾತಿನಲ್ಲಿ ಏನೂ ಸಿಗಲಿಲ್ಲ. ಅವಳ ಹಸು ಹಬೆಯೊಳಗಿಂದ ಮೂತಿ ಎತ್ತಿ ಒಮ್ಮೆ ಅಂಬಾ ಎಂದಿತು.

ಕ್ಯಾನಿನ ಮುಚ್ಚಳ ಹಾಕಿ ಅಂಗೈಯಿಂದ ಒತ್ತಿದೆ.

"ಕಾಂಪೌಂಡರ್ ಸಾರ್, ಏನು ಮಾಡ್ಲಿ?"

"ಕ್ಯಾನು, ಹಸು ಎರಡನ್ನೂ ಇಲ್ಲಿಗೆ ಕರ್ಕೊಂಡು ಬಾ. ಹಸು ಕಟ್ಟೋ ಕಂಬ ಇಲ್ಲೇ ಇರೋದು. ಕಡ್ಡಿ ಕರಗಿಸೋಕೆ ನೀರು ಬೆಚ್ಚಗೆ ಮಾಡಿಟ್ಕೋತೀನಿ. ಸ್ಕೂಟರ್ ಬೇಡ, ಕುಲುಕುತ್ತೆ. ಹೆಗಲ ಮೇಲೆ ಇಟ್ಕೊಂಡು ಮೆಲ್ಲಗೆ ನಡೆದು ಬಾ."

ಹಿಂದೆ ಅಂಕಿ ಇಳಿಯತೊಡಗಿತು. ನಾನು ತಿರುಗಿ ನೋಡಲಿಲ್ಲ, ಜನರೇ ಹೇಳಿದರು. "ಆರು ಪಾಯಿಂಟ್ ಒಂಬತ್ತಕ್ಕೆ ಬಂತು." "ಆರೂವರೆಗೆ ಬಂತು." "ಪರದೆ ಕಪ್ಪಾಯ್ತು." ಚಹಾದವನು "ಥೂ!" ಎಂದು ಹಸುವಿನ ಕಡೆ ನೋಡಿ, ಅಜ್ಜಿಯನ್ನು ಕಂಡು ಟೋಪಿ ಹಾಕಿಕೊಂಡ. ಇನ್ಸ್‌ಪೆಕ್ಟರ್ ರಿಜಿಸ್ಟರಿನಲ್ಲಿ ಏನು ಬರೆಯುವುದೆಂದು ತಿಳಿಯದೆ ತಾರೀಖು ಮಾತ್ರ ಬರೆದುಕೊಂಡರು.

ಕ್ಯಾನನ್ನು ಹೆಗಲಿಗೇರಿಸಿ ಏಳುವಾಗ ಮೇಜಿನ ಹತ್ತಿರ ಯಾರೋ ಜನರನ್ನು ನೂಕಿಕೊಂಡು ಬಂದರು. ಭಾವ. ಬೈಕಿನ ಕೀಲಿ ಎಲ್ಲಿ ಬಿತ್ತೋ ಏನೋ, ಕೈಯಲ್ಲಿರಲಿಲ್ಲ. ಪ್ಯಾಂಟಿನ ಇಸ್ತ್ರಿ ಲೆಕ್ಕಿಸದೆ ಮೇಜಿನ ಕೆಳಗೆ ಮಂಡಿಯೂರಿ, ನನ್ನ ತಾಮ್ರದ ಲೋಟದ ಬುಡ, ಜೆಲ್ಲಿ ಬಳಿದ ಬೋರ್ಡು, ವಯರುಗಳು ಎಲ್ಲವನ್ನೂ ಒಂದೊಂದಾಗಿ ನೋಡಿದರು. ಬೆರಳಿಗೆ ಜೆಲ್ಲಿ ಮೆತ್ತಿತು. ಅದನ್ನು ಅಂಗಿಗೇ ಒರೆಸಿಕೊಂಡರು.

"ಇದೆಲ್ಲ ನೀನೊಬ್ಬನೇ ಮಾಡಿದ್ಯೇನೋ?" ಎಂದರು. ಮೊದಲು ಲೋಟಕ್ಕೆ, ಆಮೇಲೆ ನನಗೆ. "ಆರು ತೊಂಬತ್ತೆಂಟು! ಇನ್ನೊಂದೇ ಲೋಟ ಕಣೋ... ಆ ಕೊನೇಲಿ ಸುರಿಯೋಕೆ ಒಬ್ಬರು ಬೇಕಿತ್ತು. ನಾನು ಅಲ್ಲೇ ನಿಂತಿದ್ನಲ್ಲ. ಯಾಕೋ ನನ್ನ ಕರೀಲಿಲ್ಲ?"

ಎಲ್ಲರೂ ನನ್ನ ಮುಖ ನೋಡಿದರು. ಅಕ್ಕ ಕೂಡ. ಭಾವ ಮಂಡಿಯೂರಿದಲ್ಲಿಂದಲೇ ತಲೆ ಎತ್ತಿ ಕಾಯುತ್ತಿದ್ದರು.

ಹಾಲಜ್ಜಿ ಹಗ್ಗ ಎಳೆದಳು. ಹಸು ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಹೆಗಲ ಮೇಲಿನ ಕ್ಯಾನು ಕುಲುಕದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ನಾನು ಅದರ ಹಿಂದೆ ಬೀದಿಗೆ ಇಳಿದೆ.